ಎದ್ದೇಳುವ ಮುನ್ನ ಒಂದು ನಿಮಿಷ

ಬಿಪಿ ಯಂತ್ರದಲ್ಲಿ 90/60ಕ್ಕಿಂತ ಕಡಿಮೆ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ. ತಲೆಸುತ್ತು, ಸುಸ್ತು ಏನೂ ಇಲ್ಲದಿದ್ದರೆ ಅದು ನಿಮ್ಮ ದೇಹದ ಸಹಜ ಮಟ್ಟವೇ ಇರಬಹುದು. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಮನೆಯ ಹಿರಿಯರ ವಿಷಯ. ರಾತ್ರಿ ಮೂತ್ರಕ್ಕೆಂದು ದಡಬಡನೆ ಏಳುತ್ತಾರೆ. ರಕ್ತ ಕಾಲಿನತ್ತ ಇಳಿಯುತ್ತದೆ, ಕಣ್ಣು ಕತ್ತಲಿಡುತ್ತದೆ, ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಅವರಿಗೆ ಮಲಗಿದಾಗೊಮ್ಮೆ, ನಿಂತಾಗೊಮ್ಮೆ ಬಿಪಿ ನೋಡಿಸಿ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ಹೇಳಲೇಬೇಕು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆಗಳೂ ಇದಕ್ಕೆ ಕಾರಣವಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ, ಔಷಧ ಚೀಟಿ ಹಿಡಿದು ಹೋಗಿ ಕೇಳಿ.

ಹಾಸಿಗೆಯಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳುವುದನ್ನು ರೂಢಿಸಿ. ಬಿರುಬೇಸಿಗೆಯಲ್ಲಿ, ಉಪವಾಸದ ದಿನ, ವಾಂತಿಭೇದಿಯಾದಾಗ ದೇಹದಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ. ಉಪ್ಪು ಹೆಚ್ಚಿಸಿ ಎಂದು ನೆರೆಹೊರೆಯವರು ಹೇಳುತ್ತಾರೆ. ಹೃದಯ, ಮೂತ್ರಪಿಂಡದ ತೊಂದರೆಯಿರುವವರಿಗೆ ಅದು ಅಪಾಯ, ವೈದ್ಯರನ್ನು ಕೇಳದೆ ಬೇಡ. ತಲೆ ತಿರುಗಿದರೆ ಅಲ್ಲೇ ಮಲಗಿಸಿ, ಕಾಲು ಎತ್ತರಿಸಿ. ಎಚ್ಚರ ತಪ್ಪುವುದು, ಎದೆನೋವು, ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.