ಕ್ಲಾಸ್ ಅಂದ್ರೆ ಯಾವ ಕ್ಲಾಸ್ ಟೀಚರ್?

ಪೈಥಾನಿನಲ್ಲಿ ಆಬ್ಜೆಕ್ಟ್ ಪಾಠ ಶುರುಮಾಡಿದ ದಿನ ನಾನು ಬೋರ್ಡಿನಲ್ಲಿ ವ್ಯಾಖ್ಯೆ ಬರೆದೆ. "ಕ್ಲಾಸ್ ಅಂದ್ರೆ ಒಂಬತ್ತನೇ ಕ್ಲಾಸಾ ಟೀಚರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ನಕ್ಕವರಿಗೂ ಉತ್ತರ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದರು! ಮರುವರ್ಷ ವ್ಯಾಖ್ಯೆ ಬಿಟ್ಟು ಶಾಲೆಯ ಲೈಬ್ರರಿಯಿಂದ ಶುರುಮಾಡಿದೆ. ನೀವೂ ಮಾಡಿ ನೋಡಿ.

1. ಮೊದಲು ಕಂಪ್ಯೂಟರ್ ಬೇಡ

ಲೈಬ್ರರಿಯ ಒಂದು ಪುಸ್ತಕದ ಬಗ್ಗೆ ಏನೇನು ನೆನಪಿಡಬೇಕು ಅಂತ ಮಕ್ಕಳನ್ನು ಕೇಳಿ. ಹೆಸರು, ಈಗ ಅದು ಯಾರಲ್ಲಿದೆ. ಅದಕ್ಕೆ ಸಂಬಂಧಿಸಿದ ಕೆಲಸಗಳು? ಕೊಡುವುದು, ಮರಳಿ ಪಡೆಯುವುದು. ಈ ಮಾಹಿತಿಯನ್ನೂ ಕೆಲಸವನ್ನೂ ಒಟ್ಟಿಗೆ ಕಟ್ಟಿಟ್ಟ ನಮೂನೆಯೇ ಕ್ಲಾಸ್. ಆ ನಮೂನೆಯಂತೆ ತಯಾರಾದ ಒಂದೊಂದು ಪುಸ್ತಕವೂ ಒಂದೊಂದು ಆಬ್ಜೆಕ್ಟ್.

2. ಈಗ ಲ್ಯಾಬಿಗೆ

ಪೈಥಾನ್ 3ರಲ್ಲಿ ನಾವಿಡುವ ಹೆಸರುಗಳು ಕನ್ನಡದಲ್ಲಿರಬಹುದು. ಕ್ಲಾಸ್, ಡೆಫ್, ಇಫ್, ಎಲ್ಸ್, ಪ್ರಿಂಟ್, ಇನಿಟ್ ಇವನ್ನು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದುವ ಹಾಗೆ ಬರೆದಿದ್ದೇನೆ.

ಕ್ಲಾಸ್ ಪುಸ್ತಕ:
    ಡೆಫ್ __ಇನಿಟ್__(ನಾನು, ಹೆಸರು):
        ನಾನು.ಹೆಸರು = ಹೆಸರು
        ನಾನು.ಯಾರಲ್ಲಿ = ""
    ಡೆಫ್ ಕೊಡು(ನಾನು, ಮಗು):
        ಇಫ್ ನಾನು.ಯಾರಲ್ಲಿ == "":
            ನಾನು.ಯಾರಲ್ಲಿ = ಮಗು
        ಎಲ್ಸ್:
            ಪ್ರಿಂಟ್(ನಾನು.ಯಾರಲ್ಲಿ, "ಹತ್ತಿರ ಇದೆ")

ಪು1 = ಪುಸ್ತಕ("ಚೋಮನ ದುಡಿ")
ಪು1.ಕೊಡು("ಆಯಿಷಾ")
ಪು1.ಕೊಡು("ರಮೇಶ")

'ನಾನು' ಇರುವಲ್ಲಿ ಎಲ್ಲರೂ 'ಸೆಲ್ಫ್' ಎಂದು ಬರೆಯುವುದು ವಾಡಿಕೆ, ಕಡ್ಡಾಯವಲ್ಲ. 'ನಾನು' ಎಂದರೆ ಪುಸ್ತಕವೇ ಮಾತಾಡಿದಂತೆ: "ನನ್ನ ಹೆಸರು ಇದು, ನಾನು ಇಂಥವರಲ್ಲಿದ್ದೇನೆ." ಇದು ತಿಳಿದ ಮೇಲೆ 'ಸೆಲ್ಫ್' ಕಲಿಸಿ.

3. ನೋಡಬೇಕಾದದ್ದು

ಕೊನೆಯ ಸಾಲಿಗೆ "ಆಯಿಷಾ ಹತ್ತಿರ ಇದೆ" ಎಂಬ ಉತ್ತರ ಬರುತ್ತದೆ. ಒಂದೇ ಪುಸ್ತಕ ಇಬ್ಬರ ಲೆಕ್ಕಕ್ಕೆ ಹೋಗಲಿಲ್ಲ. ತನ್ನ ಲೆಕ್ಕವನ್ನು ಪುಸ್ತಕವೇ ಕಾಯ್ದುಕೊಂಡಿತು. ಆಬ್ಜೆಕ್ಟ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಸಿಕ್ಕಿಲ್ಲ. ಈಗ 'ಪು2' ಮಾಡಿಸಿ, ಅದು ಯಾರಲ್ಲಿದೆ ಎಂದು ಕೇಳಿ. ಯಾರಲ್ಲೂ ಇಲ್ಲ. ನಮೂನೆ ಒಂದೇ, ಲೆಕ್ಕ ಬೇರೆ ಬೇರೆ.

ಒಂದು ಎಚ್ಚರಿಕೆ

'ಕಾರ್ಡ್‌ಗಳು' ಎಂಬಂಥ ಪದದಲ್ಲಿ ಒತ್ತು ಬಿಡಿಸಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಟೈಪ್ ಮಾಡುತ್ತೇವೆ. ಅದು ಉದ್ಧರಣ ಚಿಹ್ನೆಯೊಳಗೆ ಇದ್ದರೆ ತೊಂದರೆಯಿಲ್ಲ. ಕ್ಲಾಸಿನ ಅಥವಾ ವೇರಿಯೇಬಲ್‌ನ ಹೆಸರಲ್ಲಿದ್ದರೆ ಪೈಥಾನ್ ತಪ್ಪು ತೋರಿಸುತ್ತದೆ. ನಾನು ಅರ್ಧ ಪೀರಿಯಡ್ ಕಳೆದುಕೊಂಡದ್ದು ಅಲ್ಲೇ.

ಪೈಥಾನ್ ಅಂದರೆ ಹೆಬ್ಬಾವಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅಲ್ಲ, 1991ರಲ್ಲಿ ಇದನ್ನು ಹೊರತಂದ ಗೈಡೋ ವಾನ್ ರೋಸಮ್ 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ ಹೆಸರು ತೆಗೆದುಕೊಂಡರು.

ಮನೆಗೆಲಸ: 'ಮರಳಿಸು' ಎಂಬ ಕೆಲಸವನ್ನು ಮಕ್ಕಳೇ ಸೇರಿಸಲಿ. ಯಾರಿಗೂ ಕೊಡದ ಪುಸ್ತಕವನ್ನು ಮರಳಿಸಿದರೆ ಏನಾಗಬೇಕು? ಅದನ್ನೂ ಅವರೇ ತೀರ್ಮಾನಿಸಲಿ.