ಗಣಕಯಂತ್ರದ ಬಾಗಿಲ ಜವಾನ

ಗಣಕಯಂತ್ರದ ಮುಂದೆ ಕೂತು ಹೊಟ್ಟೆ ಹೊರೆಯುವ ನಮ್ಮ ಬಂಧುಗಳು ಇದನ್ನು ಕಂಡೇ ಇರುತ್ತಾರೆ: ಪರದೆ ಬೆಳಗುತ್ತಿದೆ, ಆದರೆ ಒತ್ತಿದ ಅಕ್ಷರ ಮೂಡದು, ಬಾಣದ ಗುರುತು ಕದಲದು. ಯಂತ್ರ ಕೆಟ್ಟಿತೆಂದು ಒಡನೆ ಗುಂಡಿ ಅದುಮಿ ಆರಿಸುತ್ತೇವೆ. ಎಷ್ಟೋ ವೇಳೆ ಕೆಟ್ಟಿರುವುದು ಯಂತ್ರವಲ್ಲ, ಸರದಿ.

ಸಾಹೇಬರ ಕೋಣೆಯ ಬಾಗಿಲಲ್ಲಿ ಚೀಟಿ ನೋಡಿ ಒಬ್ಬೊಬ್ಬರನ್ನೇ ಒಳಬಿಡುವ ಜವಾನನನ್ನು ನೆನೆಯಿರಿ. ಗಣಕದಲ್ಲಿ ಆ ಜವಾನನಿಗೆ ಷೆಡ್ಯೂಲರ್ ಎಂದು ಹೆಸರು. ಪ್ರತಿ ಕೆಲಸಕ್ಕೂ ಕ್ಷಣದಷ್ಟು ಹೊತ್ತು ಕೊಟ್ಟು, ಎಬ್ಬಿಸಿ, ಮುಂದಿನದನ್ನು ಕರೆಯುವುದು ಅವನ ಉದ್ಯೋಗ. ಎಬ್ಬಿಸಲು ಮರೆತನೋ, ಹೊರಗಿನವರೆಲ್ಲ ನಿಂತಲ್ಲೇ ನಿಲ್ಲಬೇಕು.

ಇದಕ್ಕೆ ನಮ್ಮ ಪುಣೆಯಲ್ಲೇ ಒಂದು ಪಾಠವಿದೆ. ಇಲ್ಲಿನ ಸಿ-ಡ್ಯಾಕ್ ಸಂಸ್ಥೆಯವರು 1991ರಲ್ಲಿ ಸಿದ್ಧಪಡಿಸಿದ ಪರಮ್ 8000 ಎಂಬ ಮಹಾಗಣಕದಲ್ಲಿ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳಿದ್ದವು. ಅವುಗಳಲ್ಲಿ ಜವಾನ ಚಿಪ್ಪಿನೊಳಗೇ ಕೂತಿದ್ದ. ಅವನ ಬಳಿ ಎರಡೇ ಸಾಲು. ಕೆಳಸಾಲಿನ ಕೆಲಸಗಳಿಗೆ ಹೊತ್ತಿನ ಮಿತಿ ಉಂಟು. ಮೇಲುಸಾಲಿನವಕ್ಕೆ ಇಲ್ಲ, ತಾವಾಗಿ ಏಳುವವರೆಗೂ ಕೂತಿರಬಹುದು. (ದೊಡ್ಡವರಿಗೆ ಮಿತಿ ಇಲ್ಲದಿರುವುದು ಕಛೇರಿಗಳಲ್ಲೂ ಹೊಸದಲ್ಲ.) ಒಡನೆ ಆಗಬೇಕಾದ ಕೆಲಸಕ್ಕೆ ಇದು ಒಳ್ಳೆಯದೇ. ಆದರೆ ಮೇಲುಸಾಲಿನ ಕೆಲಸವೊಂದು ಬರೆದವರ ತಪ್ಪಿನಿಂದ ಸುತ್ತಿದಲ್ಲೇ ಸುತ್ತತೊಡಗಿದರೆ ಕೆಳಸಾಲಿಗೆ ಸರದಿಯೇ ಬಾರದು. ಹೊರಗಿನಿಂದ ಚಿಪ್ಪನ್ನು ಮೊದಲಿನಿಂದ ಎಬ್ಬಿಸುವುದೊಂದೇ ದಾರಿ.

ಈಗಿನ ಉಪಾಯ ಇನ್ನೂ ನಯವಾದದ್ದು. 2024ರ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ನೆಯ ಆವೃತ್ತಿಯಲ್ಲಿ, ಯಂತ್ರ ನಡೆಯುತ್ತಿರುವಾಗಲೇ ಹೊಸ ಜವಾನನನ್ನು ನೇಮಿಸಬಹುದು. ಹೊಸಬ ಎಡವಿದರೆ? ಅದಕ್ಕೆಂದೇ ಕಾವಲುಗಾರನೊಬ್ಬನಿದ್ದಾನೆ. ಸಿದ್ಧವಾಗಿ ನಿಂತ ಯಾವುದೇ ಕೆಲಸ ಹೆಚ್ಚೆಂದರೆ 30 ಸೆಕೆಂಡು ಸರದಿ ಸಿಗದೆ ಕಾದರೆ, ಅವನು ಹೊಸಬನನ್ನು ವಜಾ ಮಾಡಿ ಹಳೆಯ ಜವಾನನನ್ನೇ ಬಾಗಿಲಿಗೆ ಕರೆತರುತ್ತಾನೆ. ತೆರೆದಿದ್ದ ಕಡತಗಳು ತೆರೆದೇ ಇರುತ್ತವೆ. ಆದಕಾರಣ ಅಂಥ ಯಂತ್ರ ಸ್ತಬ್ಧವಾದರೆ ಅರ್ಧ ನಿಮಿಷ ಕೈಕಟ್ಟಿ ಕೂರುವುದು ಲಾಭ.

ಆಗಲೂ ಅಲುಗದಿದ್ದರೆ ಆಲ್ಟ್ ಮತ್ತು ಸಿಸ್‌ರಿಕ್ವೆಸ್ಟ್ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಇದೇ ಕ್ರಮದಲ್ಲಿ, ನಡುನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಬೇಕು. ಸಿಸ್‌ರಿಕ್ವೆಸ್ಟ್ ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀಲಿಯೇ. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲೇ ಅನುಮತಿ ಇರುತ್ತದೆ. ಎಸ್ ಬಾಕಿ ಉಳಿದ ಬರಹವನ್ನು ಡಿಸ್ಕಿಗೆ ಇಳಿಸುತ್ತದೆ, ಯು ಡಿಸ್ಕಿನ ಮೇಲೆ ಮತ್ತೆ ಯಾರೂ ಬರೆಯದಂತೆ ತಡೆಯುತ್ತದೆ, ಬಿ ಯಂತ್ರವನ್ನು ಮರುಚಾಲೂ ಮಾಡುತ್ತದೆ. ಬಾಕಿ ಬರಹವೆಂದರೆ ನೀವು ಸೇವ್ ಮಾಡಿದ್ದು ಮಾತ್ರ. ಪರದೆಯ ಮೇಲಷ್ಟೇ ಇದ್ದ ಸಂಬಳದ ಪಟ್ಟಿಯನ್ನು ಎಸ್ ಕೂಡ ಉಳಿಸದು.