ದಿಮ್ಮಿ ಲಡ್ಡಾಗಿದೆಯೇ? ದಬ್ಬಳ ಚುಚ್ಚಿ ನೋಡಿ

ಮನೆ ಕಟ್ಟಲೆಂದು ನಮ್ಮ ಬದುವಿನ ನಾಲ್ಕು ಕರಿಜಾಲಿ, ಎರಡು ಬೇವು, ಒಂದು ಮಾವು ಕಡಿಸಿ ದಿಮ್ಮಿ ಮಾಡಿಸಿಟ್ಟಿದ್ದೆ. ಆ ವರ್ಷ ಶೇಂಗಾ ಕೈಕೊಟ್ಟಿತು, ಮನೆ ಕೆಲಸ ನಿಂತಿತು. ದಿಮ್ಮಿಗಳು ಕಣದ ಮೂಲೆಯಲ್ಲಿ ಬರೀ ನೆಲದ ಮೇಲೆ ಎರಡು ಮಳೆಗಾಲ ಬಿದ್ದಿದ್ದವು. ಮರದ ವ್ಯಾಪಾರಿಯೊಬ್ಬ ಬಂದು, ಕಾಲಿನಿಂದ ಒಂದು ಒದ್ದು ನೋಡಿ, "ಎಲ್ಲಾ ಲಡ್ಡಾಗೈತೆ ಯಜಮಾನ್ರೇ, ಸೌದೆ ರೇಟಿಗೆ ಕೊಟ್ಬಿಡಿ" ಅಂದ. ಕೈ ಬರಿದಾಗಿತ್ತು, ಹೂಂ ಅನ್ನುವವನೇ ಇದ್ದೆ. ನಮ್ಮೂರ ಆಚಾರಿಯವರು ತಡೆದರು. ಅವರು ತೋರಿಸಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಿಮ್ಮಿಯಲ್ಲಿ ಎರಡು ಭಾಗ. ಹೊರಗೆ ಬಿಳಿ ಭಾಗ, ಒಳಗೆ ಬಣ್ಣದ ಚೇಗು. ಬಿಳಿ ಭಾಗ ಯಾವ ಮರದ್ದಾದರೂ ಬಾಳುವುದಿಲ್ಲ, ತೇಗದ್ದಾದರೂ ಅಷ್ಟೆ. ಬಾಳಿಕೆ ಏನಿದ್ದರೂ ಚೇಗಿನದು. ಅದರಲ್ಲೂ ಮರದಿಂದ ಮರಕ್ಕೆ ಬೇರೆ. ಮರದ ವಿಜ್ಞಾನಿಗಳು 60 ಸೆಂ.ಮೀ. ಉದ್ದ, 5 ಸೆಂ.ಮೀ. ದಪ್ಪದ ಗೂಟಗಳನ್ನು ಅರ್ಧ ನೆಲದಲ್ಲಿ ಹೂತು ಪರೀಕ್ಷಿಸುತ್ತಾರೆ. ಸರಾಸರಿ 120 ತಿಂಗಳು ಬಾಳಿದರೆ ಒಂದನೇ ದರ್ಜೆ, 60ರಿಂದ 120 ಎರಡನೇ ದರ್ಜೆ, ಅದಕ್ಕೂ ಕಡಿಮೆಯಾದರೆ ಮೂರನೇ ದರ್ಜೆ. ತೇಗ ಒಂದನೆಯದು, ಮಾವು ಮೂರನೆಯದು.

ಲಡ್ಡು ಅಂದರೆ ಅಣಬೆ ಜಾತಿಯ ಬೂಷ್ಟು ಮರವನ್ನು ತಿನ್ನುವುದು. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಒಣಮರದ ತೂಕಕ್ಕೆ ನೂರಕ್ಕೆ 20ಕ್ಕಿಂತ ಕಡಿಮೆ ನೀರಿದ್ದರೆ ಬೂಷ್ಟು ಬೆಳೆಯದು. ಹಳೇ ಮನೆಯ ಜಂತೆ ಅಜ್ಜನ ಕಾಲದಿಂದ ಗಟ್ಟಿ ಇರುತ್ತದೆ, ಬೇಲಿ ಗೂಟ ಮಾತ್ರ ನೆಲದ ಮಟ್ಟದಲ್ಲೇ ಕೊಳೆಯುತ್ತದೆ, ಕಾರಣ ಇದೇ. ಕೆರೆಯಲ್ಲಿ ಪೂರಾ ಮುಳುಗಿಸಿಟ್ಟ ದಿಮ್ಮಿ ಲಡ್ಡಾಗದು, ಅಲ್ಲಿ ಗಾಳಿ ಇಲ್ಲ.

ಈಗ ಪರೀಕ್ಷೆ. ಮೊದಲು ದಿಮ್ಮಿ ಹೊರಳಿಸಿ ನೆಲಕ್ಕೆ ತಾಗಿದ ಮಗ್ಗುಲು ನೋಡಿ, ಹೆಚ್ಚಾಗಿ ಕೆಡುವುದು ಅಲ್ಲೇ. ಅಣಬೆ ಎದ್ದಿದ್ದರೆ ಒಳಗೆ ಲಡ್ಡು ಬಹಳ ಮುಂದುವರಿದಿದೆ ಎಂದೇ ತಿಳಿಯಿರಿ. ಮರ ಕಂದಾಗಿ, ಚೌಕ ಚೌಕ ಬಿರಿದು, ಉಜ್ಜಿದರೆ ಪುಡಿಯಾಗುತ್ತಿದ್ದರೆ ಅದೊಂದು ಬಗೆಯ ಲಡ್ಡು. ಬೆಳ್ಳಗಾಗಿ ನಾರುನಾರಾಗಿ ಮೆತ್ತಗಾಗಿದ್ದರೆ ಇನ್ನೊಂದು ಬಗೆ. ಬರೀ ಬೂದು-ನೀಲಿ ಕಲೆಗೆ ಹೆದರಬೇಡಿ, ಅದರಿಂದ ಶಕ್ತಿ ಅಷ್ಟಾಗಿ ಕುಂದದು.

ಆಮೇಲೆ ಗೋಣಿ ಹೊಲಿಯುವ ದಬ್ಬಳ ತಗೊಂಡು ಗೇಣಿಗೊಂದು ಕಡೆ ಚುಚ್ಚಿ. ಎಷ್ಟು ಆಳಕ್ಕೆ ಸಲೀಸಾಗಿ ಹೋಗುತ್ತದೋ ಅಷ್ಟು ಹೋಯಿತು ಅನ್ನಿ. ಗಟ್ಟಿ ತಾಗಿದ ಕಡೆ ಉಳಿಯಿಂದ ಒಂದು ಸಿಬಿರು ಎಬ್ಬಿಸಿ. ಒಳ್ಳೆ ಮರವಾದರೆ ಉದ್ದಕ್ಕೆ ನಾರು ಬಿಟ್ಟುಕೊಂಡು ಸೀಳುತ್ತದೆ. ಲಡ್ಡು ಹತ್ತಿದ್ದರೆ ಬಿಸ್ಕತ್ತಿನ ಹಾಗೆ ಅಡ್ಡಕ್ಕೆ ಪಟ್ಟನೆ ಮುರಿಯುತ್ತದೆ. ಈ ಸಿಬಿರಿನ ಪರೀಕ್ಷೆಯನ್ನು ಮಾತ್ರ ಬಿಡಲೇಬೇಡಿ. ಬಣ್ಣ, ತೂಕ ಸರಿಯಾಗೇ ಕಂಡರೂ ಲಡ್ಡಿನ ಶುರುವಿನಲ್ಲೇ ಮರದ ಪೆಟ್ಟು ತಾಳುವ ಶಕ್ತಿ ಹೋಗಿರುತ್ತದೆ.

ಕೊಡಲಿ ಹಿಂಬದಿಯಿಂದ ಬಡಿದು ಸದ್ದು ಕೇಳುವುದು ನಮಗೆಲ್ಲ ಗೊತ್ತು. ಟೊಳ್ಳಿದ್ದರೆ ಡಬ್ ಅನ್ನುತ್ತದೆ, ನಿಜ. ಆದರೆ ನೀರು ಕುಡಿದ ಒಳ್ಳೆ ದಿಮ್ಮಿಯೂ ಹಾಗೇ ಅನ್ನುತ್ತದೆ. ಶುರುವಿನ ಲಡ್ಡು ಸದ್ದಿನಲ್ಲಿ ಗೊತ್ತೇ ಆಗುವುದಿಲ್ಲ. ಹಿಂದೆ ನಾನು ಸದ್ದು ಒಂದನ್ನೇ ನಂಬಿ ಕೊಟ್ಟಿಗೆಗೆ ಬೇವಿನ ತೊಲೆ ಏರಿಸಿದ್ದೆ. ಮೂರನೇ ವರ್ಷ ಮುರಿದು ಎತ್ತಿನ ಸೊಂಟದ ಮೇಲೆ ಬಿತ್ತು. ಎತ್ತು ಮತ್ತೆ ನೊಗಕ್ಕೆ ಬರಲಿಲ್ಲ.

ದಿಮ್ಮಿಯ ತುದಿ ಲಡ್ಡಾಗಿದ್ದರೆ ಕಣ್ಣಿಗೆ ಕಂಡಷ್ಟೇ ಕೊಯ್ದರೆ ಸಾಲದು. ಲಡ್ಡು ನಾರಿನ ಜಾಡು ಹಿಡಿದು ಉದ್ದಕ್ಕೆ ಓಡುತ್ತದೆ. ಕಂಡದ್ದಕ್ಕಿಂತ ಎರಡು ಅಡಿ ಮುಂದೆ ಕೊಯ್ದು, ಹೊಸ ಮುಖದಲ್ಲಿ ಮತ್ತೆ ಸಿಬಿರು ಎಬ್ಬಿಸಿ ನೋಡಬೇಕು.

ನಮ್ಮ ಲೆಕ್ಕ ಹೀಗಾಯಿತು. ಜಾಲಿ ನಾಲ್ಕರಲ್ಲೂ ಬಿಳಿ ಭಾಗ ಎರಡು ಬೆರಳು ಪೂರಾ ಹೋಗಿತ್ತು, ವ್ಯಾಪಾರಿ ಒದ್ದು ನೋಡಿದ್ದು ಅದನ್ನೇ. ಒಳಗಿನ ಚೇಗಿಗೆ ಉಳಿಯೇ ಇಳಿಯಲಿಲ್ಲ. ಬೇವಿನಲ್ಲಿ ಒಂದು ಉಳಿಯಿತು. ಇನ್ನೊಂದು ಹೊರಗೆ ಚೆಂದವಿದ್ದು ನಡುವೆ ಟೊಳ್ಳು. ಮಾವು ತುದಿಯಿಂದ ತುದಿಗೆ ಹಿಟ್ಟು. ಜಾಲಿಯಲ್ಲಿ ಬಾಗಿಲುವಾಡ, ಹೊಸ್ತಿಲು ಎಲ್ಲ ಆಯಿತು. ಮಿಕ್ಕ ತುಂಡುಗಳ ತೊಗಟೆ ಸುಲಿದು, ಮೊಳಕಾಲೆತ್ತರ ಕಲ್ಲಿಟ್ಟು, ನಡುವೆ ಗಾಳಿ ಆಡುವಂತೆ ತಗಡಿನ ಕೆಳಗೆ ಜೋಡಿಸಿದ್ದೇನೆ.

ವ್ಯಾಪಾರಿ ಮತ್ತೆ ಬಂದಿದ್ದ. ಮಾವು, ಟೊಳ್ಳು ಬೇವು ಎರಡನ್ನೂ ತೋರಿಸಿದೆ. ಸೌದೆ ರೇಟಿಗೇ ಒಯ್ದ.